ಚುಕ್ಕಿ ಓದುವವಳು

ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ಬೋರಪ್ಪನ ಶೆಡ್ಡು. ಬೋರ್ಡಿಲ್ಲ. ಕೆಟ್ಟ ಗಾಡಿಗೆ ದಾರಿ ತಾನೇ ಗೊತ್ತಿರುತ್ತದೆ, ಬೋರ್ಡು ಯಾಕೆ ಎನ್ನುವ ಜಂಬ ಅವನದು. ಜಂಬಕ್ಕೆ ಕಾರಣವೂ ಇತ್ತು. ಅವನ ಕೈಯಲ್ಲಿ ರಿಪೇರಿಯಾದ ಎಂಜಿನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದೇ ರೋಗ ಹೊತ್ತು ವಾಪಸು ಬಂದಿರಲಿಲ್ಲ.

ಮೊನ್ನೆ ಬಂತು. ಯಲ್ಲದಕೆರೆಯಿಂದ ದಿನಾ ಬೆಳಿಗ್ಗೆ ಪೇಟೆಗೆ ಹೂವು ತರುವ ಪಂಚಾಕ್ಷರಪ್ಪನ ಹಳೇ ವ್ಯಾನು ಹೊಟ್ಟೆಯೊಳಗೆ ಕಟಕಟ ಎನ್ನುತ್ತ ಶೆಡ್ಡಿನ ಮುಂದೆ ನಿಂತಿತು. ನಾಲ್ಕು ತಿಂಗಳ ಹಿಂದಷ್ಟೇ ಬೋರಪ್ಪ ಅದಕ್ಕೆ ಹೊಸ ಬೇರಿಂಗ್ ಹಾಕಿದ್ದ.

"ಏರು ಬಂದ್ರೆ ಜಾಸ್ತಿ ಹೊಡ್ಕಂತೈತೆ ಬೋರಣ್ಣ. ತಪ್ಪು ನಂದೇ ಇರ್ಬೇಕು, ಆಯಿಲ್ ಬದಲಾಯ್ಸೋದು ತಡ ಮಾಡ್ದೆ" ಎಂದ ಪಂಚಾಕ್ಷರಪ್ಪ.

"ಕುಂತ್ಕಳ್ರಿ, ನೋಡಾಣ."

ಬೋರಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಸದ್ದು ಮೇಲಿನದಲ್ಲ, ಆಳದ್ದು. ಎಂಜಿನ್ನು ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ಗಿನ ವೈರು ತೆಗೆದು ನೋಡಿದ. ಎರಡನೆಯದು ತೆಗೆದಾಗ ಕಟಕಟ ತಗ್ಗಿತು. ಮೂರನೆಯದಕ್ಕೂ ತಗ್ಗಿತು. ಆಯಿಲ್ ಇಳಿಸಿ ಅಂಗೈಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಬೇರಿಂಗಿನ ಪುಡಿ ಮಿಣಮಿಣ ಹೊಳೆಯಿತು.

"ಬಿಚ್ಚಬೇಕು. ನಾಳೆ ಬರ್ರಿ" ಎಂದು ಪಂಚಾಕ್ಷರಪ್ಪನನ್ನು ಕಳಿಸಿದ.

ಪಿಸ್ಟನ್ನಿನ ರಾಡು ಕೆಳಗೆ ತಿರುಗುವ ದಂಡವಾದ ಕ್ರ್ಯಾಂಕನ್ನು ತಬ್ಬಿ ಹಿಡಿಯುವ ಕಡೆ ಅರ್ಧ ಬಳೆಯಂಥ ಒಂದು ಕ್ಯಾಪು ಇರುತ್ತದೆ. ಒಂದು ರಾಡಿನ ಕ್ಯಾಪು ಇನ್ನೊಂದಕ್ಕೆ ಕೂತಂತೆ ಕಂಡರೂ ಕೂರುವುದಿಲ್ಲ. ಒಳಗಿನ ಬೇರಿಂಗನ್ನು ತಿಂದುಹಾಕುತ್ತದೆ. ಬೋರಪ್ಪ ಹರಿಯಬ್ಬೆಯ ಕುರಿ ಸಾಕುವವರ ಮನೆಯವನು. ಅಪ್ಪ ಕುರಿಯ ಕಿವಿಗೆ ಗುರುತು ಮಾಡುತ್ತಿದ್ದಂತೆ ಇವನು ರಾಡಿಗೂ ಅದರ ಕ್ಯಾಪಿಗೂ ಚುಕ್ಕಿ ಹೊಡೆಯುತ್ತಿದ್ದ. ಮೊದಲನೆಯ ಜೋಡಿಗೆ ಒಂದು, ಎರಡನೆಯದಕ್ಕೆ ಎರಡು, ಹಾಗೆ.

ಆ ಚುಕ್ಕಿಗಳನ್ನು ಓದುತ್ತಿದ್ದವಳು ಹೆಂಡತಿ ಓಬವ್ವ. ಅಕ್ಷರ ಬಾರದವಳು, ಚುಕ್ಕಿಯಲ್ಲಿ ಮಾತ್ರ ಪಂಡಿತೆ. ಮಧ್ಯಾಹ್ನ ಮುದ್ದೆ ತಂದವಳು ಅಲ್ಲೇ ಸ್ಟೂಲಿನ ಮೇಲೆ ಕೂರುವಳು. ಗಾಡಿಯಡಿಯಿಂದ ಗಂಡ ಕೈ ಚಾಚಿ "ಎರಡು" ಎಂದರೆ ಎರಡು ಚುಕ್ಕಿಯದೇ ಅಂಗೈಗೆ ಬೀಳುತ್ತಿತ್ತು. ಜೊತೆಗೆ ಒಂದು ಗದರಿಕೆ. "ಬ್ಯಾರೆ ಮರಿ ಬಿಟ್ರೆ ಕುರಿ ಒದೀತೈತೆ. ನೋಡಿ ಹಾಕ್ರಿ!"

ಈಗ ಬೋರಪ್ಪ ಬ್ಯಾಟರಿ ಹಿಡಿದು ನೋಡಿದ. ಎರಡು ಚುಕ್ಕಿಯ ರಾಡಿಗೆ ಮೂರು ಚುಕ್ಕಿಯ ಕ್ಯಾಪು. ಮೂರರದ್ದಕ್ಕೆ ಎರಡರದ್ದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಓಬವ್ವ ಹೋದ ಮೇಲೆ ಅವನು ಮುಟ್ಟಿದ ಮೊದಲ ಎಂಜಿನ್ನು ಅದು. ಆ ದಿನ ಅಭ್ಯಾಸಬಲದಿಂದ ಕೈ ಚಾಚಿ "ಎರಡು" ಎಂದಿದ್ದ. ಕೈ ಖಾಲಿಯಾಗಿಯೇ ಉಳಿಯಿತು. ಸಿಟ್ಟು ಬಂದಿತ್ತು, ಸತ್ತವಳ ಮೇಲೆ ಸಿಟ್ಟು. ಕ್ಯಾಪುಗಳನ್ನಿಟ್ಟ ತಟ್ಟೆಯಲ್ಲಿ ತಡಕಾಡಿ ಕೈಗೆ ಸಿಕ್ಕಿದ್ದನ್ನು ಹಾಕಿ ಬಿಗಿದುಬಿಟ್ಟಿದ್ದ.

ಮರುದಿನ ಪಂಚಾಕ್ಷರಪ್ಪ ಬಂದವನೇ ಕೇಳಿದ. "ಆಯಿಲ್ ದೆಸೆಯಿಂದಾನೇ ಅಲ್ವಾ?"

ಹೂಂ ಎಂದರೆ ಮುಗಿಯುತ್ತಿತ್ತು. ಮೂವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಚುಕ್ಕಿ ಓದಬಲ್ಲವರು ಈ ಊರಲ್ಲಿ ಇನ್ಯಾರಿದ್ದಾರೆ? ಬೋರಪ್ಪ ಒರೆಸಿಟ್ಟಿದ್ದ ಕ್ಯಾಪೊಂದನ್ನು ಅವನ ಕೈಗಿಟ್ಟ.

"ಎಣಿಸ್ರಿ. ಮೂರು ಅವೆ. ಇದನ್ನ ಎರಡನೇದಕ್ಕೆ ಹಾಕಿದ್ದೆ ನಾನು. ತಪ್ಪು ನಂದು, ನಿಮ್ಮ ಆಯಿಲ್‌ದಲ್ಲ. ಖರ್ಚೂ ನಂದೇ."

ಪಂಚಾಕ್ಷರಪ್ಪ ಬೆರಳಾಡಿಸಿ ಎಣಿಸಿದ. "ಹೇಳ್ದಿದ್ರೆ ನಂಗೆಲ್ಲಿ ತಿಳೀತಿತ್ತು ಬೋರಣ್ಣ?"

"ಅವಳಿಗೆ ತಿಳೀತಿತ್ತು."

ಪಂಚಾಕ್ಷರಪ್ಪ ಖಾಲಿ ಸ್ಟೂಲಿನ ಕಡೆ ನೋಡಿದ. "ಮಾಡಿಡ್ರಿ, ಸೋಮವಾರ ಬರ್ತೀನಿ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟ. ಬೈದಿದ್ದರೂ ಚೆನ್ನಾಗಿತ್ತು, ಇನ್ನರ್ಧ ಗಂಟೆ ಶೆಡ್ಡಿನಲ್ಲಿ ಮನುಷ್ಯರ ದನಿ ಇರುತ್ತಿತ್ತು ಎನಿಸಿತು ಬೋರಪ್ಪನಿಗೆ.

ಪುಣ್ಯಕ್ಕೆ ಕ್ರ್ಯಾಂಕಿಗೆ ಗೀರು ಬಿದ್ದಿರಲಿಲ್ಲ. ಉಗುರು ಎಳೆದು ನೋಡಿದರೆ ಎಲ್ಲೂ ತಡೆಯಲಿಲ್ಲ. ದುರ್ಗಕ್ಕೆ ಹೋಗಿ ಹೊಸ ಬೇರಿಂಗ್ ತಂದ. ಭಾನುವಾರ ಕೂಡಿಸಲು ಗಾಡಿಯಡಿ ಮಲಗಿ "ಒಂದು" ಎಂದ. ಕೈ ಮತ್ತೆ ತಾನಾಗಿ ಚಾಚಿಕೊಂಡಿತ್ತು.

ಈ ಸಲ ಸಿಟ್ಟು ಮಾಡಿಕೊಳ್ಳಲಿಲ್ಲ. ತೆವಳಿ ಹೊರಬಂದ. ಸ್ಟೂಲಿನ ಮೇಲೆ ಕೂತು ಕನ್ನಡಕ ಹಾಕಿಕೊಂಡು ತಟ್ಟೆಯಿಂದ ಆರಿಸಿದ. "ಒಂದು ಚುಕ್ಕಿ. ತಗಳ್ರಿ" ಎಂದು ತಾನೇ ಹೇಳಿ, ಎದ್ದು, ಮತ್ತೆ ಗಾಡಿಯಡಿ ತೂರಿದ. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ.

ನಾಲ್ಕನೆಯ ಸಲ ಕೂತವನು ಬೇಗ ಏಳಲಿಲ್ಲ. ಓಬವ್ವ ಅಷ್ಟು ವರ್ಷ ಇಲ್ಲಿ ಕೂತು ಕಂಡದ್ದು ಹೊರಗೆ ಚಾಚಿದ ಎರಡು ಕಾಲು, ಒಂದು ಕೈ, ಅಷ್ಟೇ ಎನ್ನುವುದು ಅವನಿಗೆ ಆಗ ಹೊಳೆಯಿತು. ಈಗ ಗಾಡಿಯಡಿ ಅದೂ ಇರಲಿಲ್ಲ. ಆಮೇಲೆ ನಾಲ್ಕು ಚುಕ್ಕಿಯದನ್ನು ತೆಗೆದುಕೊಂಡು ಹೋಗಿ ಹಾಕಿದ.