ಅವ್ವನ ಮಾತ್ರೆ, ನನ್ನ ಇಂಟರ್ನೆಟ್ ಹಾಳೆ

"ಅವ್ವಾ, ಇನ್ಮೇಲೆ ಶುಗರ್ ಮಾತ್ರೆ ಬೇಡ. ಇದ್ರಲ್ಲಿ ಬರ್ದಿರೋ ಪುಡಿ ತಗೊಂಡ್ರೆ ಸಾಕು, ಮೈನೂ ಇಳೀತದೆ" ಎಂದು ಹಾಳೆ ಹಿಡಿದಾಗ, ಅವ್ವ ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು. 1999ರಲ್ಲಿ ಈಸೂರಿನಿಂದ ಶಿವಮೊಗ್ಗದ ಸೈಬರ್ ಸೆಂಟರಿಗೆ ಹೋಗಿ, ಇಂಟರ್ನೆಟ್‌ನಲ್ಲಿ ಹುಡುಕಿ ಪ್ರಿಂಟ್ ತೆಗೆಸಿದ ಇಂಗ್ಲಿಷ್ ಹಾಳೆ ಅದು. ಅದನ್ನು ಓದಬಲ್ಲವನು ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ನಾನೊಬ್ಬನೇ.

"ಬರ್ದೋರು ಯಾರೋ? ಡಾಕ್ಟ್ರಾ?"

ಹೆಸರು ಹುಡುಕಿದೆ. ಹಾಳೆಯ ಕೆಳತುದಿಯಲ್ಲಿ ಇದ್ದದ್ದು ಅದೇ ಪುಡಿ ಮಾರುವ ಕಂಪನಿಯ ವಿಳಾಸ.

"ಎತ್ತು ಮಾರೋನೇ ಹಲ್ಲು ಎಣಿಸಿ ವಯಸ್ಸು ಹೇಳಿದ್ರೆ ನಂಬ್ತೀಯೇನೋ ಮಗಾ?" ಎಂದವಳೇ ಅವ್ವ ಮಾತ್ರೆ ನುಂಗಿ ನೀರು ಕುಡಿದಳು.

ಇಂಗ್ಲಿಷ್ ಹಾಳೆ ಓದುವಷ್ಟಾಗಲು ನನಗೆ ಹದಿನೈದು ವರ್ಷದ ಶಾಲೆ-ಕಾಲೇಜು ಹಿಡಿದಿತ್ತು. ಹಾಳೆಯನ್ನು ಕೆಳಗಿನಿಂದ ಓದಬೇಕೆಂದು ಕಲಿತದ್ದು ಹೆಬ್ಬೆಟ್ಟು ಒತ್ತುವ ಅವ್ವನಿಂದ.