ಏಳು ಕೈ ಹುರಮಂಜು

ಹದಿನೈದು ದಿನದ ಹಿಂದೆ ಬಾಗಿಲಿಗೆ ಹಚ್ಚಲೆಂದು ಬೈಲಹೊಂಗಲದ ಅಂಗಡಿಯಿಂದ ಅಗಸೆ ಎಣ್ಣೆ ತಂದೆ. ಬೂಚು ತೆಗೆದೊಡನೆ ಆ ಕಮಟು ವಾಸನೆ ಮೂಗಿಗೆ ಬಡಿಯಿತು. ಎಣ್ಣೆ ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಇಲ್ಲೇ ದೊಡವಾಡದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಕಾಕಾನ ಕೈಗೆ ಇದೇ ವಾಸನೆ...

ಎಪ್ಪತ್ತರ ದಶಕದ ಮಾತು. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಸುತ್ತಲಿನ ಊರುಗಳಲ್ಲಿ ಖಾಲಿ ಗಾಡಿ ಓಡಿಸುವ ಶರ್ಯತ್ತು ಇಡುತ್ತಿದ್ದರು. ನನ್ನ ಎತ್ತುಗಳು ಸುಲಭಕ್ಕೆ ಸೋಲುವಂಥವಲ್ಲ. ಆದರೆ ಜನ ನಿಂತು ನೋಡುತ್ತಿದ್ದದ್ದು ಕಾಕಾನ ಗಾಡಿಯನ್ನು. ಅದಕ್ಕೆ ಅಂಗಡಿಯ ಡಬ್ಬಿ ಬಣ್ಣವಿಲ್ಲ. ಹುರಮಂಜಿನ ಕೆಂಪು ಪುಡಿ, ಮನೆಯಲ್ಲೇ ಕಾಯಿಸಿದ ಎಣ್ಣೆ, ಹಳೆಯ ಧೋತರದ ಚಿಂದಿ, ಇಷ್ಟೇ. ಹೊಳಪು ಮಾತ್ರ ಮುಖ ನೋಡಿಕೊಳ್ಳುವಂತೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಅದೇ ಗಾಡಿ.

ಆ ವರ್ಷ ಸಂಪಗಾಂವದ ಶರ್ಯತ್ತಿಗೆ ನನ್ನ ಗಾಡಿಯೂ ಹಾಗೇ ಹೊಳೆಯಬೇಕೆಂದು ಹಟ ಹಿಡಿದೆ. ನಾಚಿಕೆ ಬಿಟ್ಟು ಕಾಕಾನನ್ನೇ ಕೇಳಿದೆ.

“ಅದರಾಗೇನೈತಿ ತಮ್ಮಾ,” ಅಂದ. “ಅಗಸಿ ಎಣ್ಣೀನ ಆಗಬೇಕು. ತೆಳ್ಳಗ ಹಚ್ಚು, ನೆರಳಾಗ ಒಣಗಾಕ ಬಿಡು, ಅಂಗೈಲೆ ತಿಕ್ಕು. ಹಂಗ ಏಳು ಕೈ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇಷ್ಟು ಸಲೀಸಾಗಿ ಯಾರಾದರೂ ಗುಟ್ಟು ಬಿಟ್ಟುಕೊಡುತ್ತಾರೆಯೇ? ಅಗಸೆ ಅಂದನೆಂದರೆ ಅದು ಅಗಸೆ ಅಲ್ಲವೇ ಅಲ್ಲ ಎಂದು ತೀರ್ಮಾನಿಸಿದೆ. ಮನೆಯಲ್ಲಿ ಬೇಕಾದಷ್ಟು ಶೇಂಗಾ ಎಣ್ಣೆ ಇತ್ತು. ಅದಕ್ಕೇ ಹುರಮಂಜು ಕಲಸಿ ಒಂದೇ ಕೈಗೆ ದಪ್ಪಗೆ ಬಳಿದೆ. ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ಎಂಟು ದಿನವಾದರೂ ಗಾಡಿ ಅಂಟಂಟು. ಜೋಳದ ರವದಿಯ ಒಣ ಎಲೆ, ಕೋಳಿ ಪುಕ್ಕ, ಕಣದ ಧೂಳು ಎಲ್ಲ ಮೆತ್ತಿಕೊಂಡು...

“ಗಾಡಿಗೆ ತುಪ್ಪಳ ಬಂದಾವ ನೋಡ್ರಿ,” ಅಂದಳು ನನ್ನ ಹೆಂಡತಿ.

ನಾನೇನು ಮಾಡಿದೆ? ಕಾಕಾ ಬೇಕೆಂದೇ ತಪ್ಪು ಹೇಳಿಕೊಟ್ಟನೆಂದು ಚಹದಂಗಡಿಯಲ್ಲಿ ಕೂತು ಊರಿಗೆಲ್ಲ ಸಾರಿದೆ. ಅದು ಅವನ ಕಿವಿಗೂ ಬಿತ್ತು.

ಶರ್ಯತ್ತಿನ ದಿನ ಬೆಳಿಗ್ಗೆ ಕಾಕಾ ತನ್ನ ಗಾಡಿಯನ್ನು ತಾನೇ ಎಳೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಅವನದೊಂದು ಎತ್ತಿಗೆ ಹಿಂದಿನ ದಿನ ಮುಳ್ಳು ನಟ್ಟಿತ್ತು.

“ನನ್ನ ಎತ್ತ ಕಾಲ ಊರವಲ್ದು. ನಿನ್ನ ಗಾಡಿ ಮಂದ್ಯಾಗ ಒಯ್ಯೂಹಂಗ ಇಲ್ಲ. ಇದಕ್ಕ ನಿನ್ನ ಎತ್ತ ಹೂಡು.”

ಚಹದಂಗಡಿಯ ಮಾತು ಎತ್ತಲೇ ಇಲ್ಲ.

ಗೆದ್ದೆ. ಮಂದಿ ನನ್ನ ಎತ್ತುಗಳನ್ನು ಬಿಟ್ಟು ಗಾಡಿಯ ಸುತ್ತ ಮುಗಿಬಿದ್ದರು. ಗೆದ್ದ ದಿನವೂ ಅವನದೇ ಮೇಲುಗೈ ಎಂದು ಒಳಗೊಳಗೇ ಕುದಿದೆ. ಅಷ್ಟರಲ್ಲಿ ಸಂಪಗಾಂವದ ಹಿರಿಯರೊಬ್ಬರು ಕೇಳಿದರು, “ಈ ಬಣ್ಣಾ ಯಾರ ಹಚ್ಚಿದ್ದರೀ?”

“ನಾನ ಹಚ್ಚೇನ್ರಿ,” ಅಂದುಬಿಟ್ಟೆ.

ಅಂದ ಮೇಲೆ ನೋಡುತ್ತೇನೆ, ಕಾಕಾ ಗಾಲಿಯ ಪಕ್ಕದಲ್ಲೇ ನಿಂತಿದ್ದಾನೆ. ಅಂಗೈಯ ಗೆರೆಗಳಲ್ಲಿ ಇನ್ನೂ ಹುರಮಂಜಿನ ಕೆಂಪು. ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಹೌದ್ರಿ,” ಅಂದ. “ಕೈ ಚಲೋ ಐತಿ ಇವಂದು.”

ಆಮೇಲೆ ಎಷ್ಟೋ ಸಲ ತಪ್ಪು ಒಪ್ಪಿಕೊಳ್ಳಲೆಂದು ಅವನ ಕಟ್ಟೆಯ ತನಕ ಹೋದೆ. ಮಳೆ ಬೆಳೆಯ ಮಾತಾಡಿ ತಿರುಗಿ ಬಂದೆ. ಗಾಡಿಗೆ ಬಣ್ಣ ಹಚ್ಚಿಕೊಡು ಎಂದು ಊರೂರಿಂದ ನನ್ನನ್ನು ಹುಡುಕಿಕೊಂಡು ಬಂದವರಿಗೆ ಹೊತ್ತಿಲ್ಲ ಅನ್ನುತ್ತಿದ್ದೆ. ಒಂದು ಚಳಿಗಾಲದಲ್ಲಿ ಅವನು ಹೋಗಿಬಿಟ್ಟ...

ಇವತ್ತಿಗೆ ಬಾಗಿಲಿಗೆ ಏಳು ಕೈ ಆಯಿತು. ತೆಳ್ಳಗೆ ಹಚ್ಚಿದೆ, ಒಣಗಲು ಬಿಟ್ಟೆ, ಅಂಗೈಯಿಂದ ತಿಕ್ಕಿದೆ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, “ಕೈ ಚಲೋ ಐತ್ರಿ ನಿಮ್ಮದು,” ಅಂದರು.

“ನನ್ನದಲ್ರಿ, ಎದುರುಮನಿ ಕಾಕಾಂದು,” ಅಂದೆ.

ಅವರು ತಿರುಗಿ ಎದುರಿಗೆ ನೋಡಿದರು. ಅಲ್ಲಿ ಈಗ ಆ ಮನೆಯೂ ಇಲ್ಲ.