ಮೊದಲ ಅಕ್ಷರಕ್ಕೂ ಮುಂಚೆ

ಕಣ್ಣಾಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬುಗುರಿ ಎಂದೇ. ಗಾಲಿ ಕುರ್ಚಿಯಲ್ಲಿ ಗರಗರ ಸುತ್ತದಿದ್ದರೆ ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ. ರೋಗಿಗಳ ವಿವರವೆಲ್ಲ ತುಂಬಿದ್ದ ಡೇಟಾಬೇಸ್ ಅವಳ ಸುಪರ್ದಿ. ಗಾಜಿನಾಚೆ ಕೌಂಟರಿನಲ್ಲಿ ಕೂರುತ್ತಿದ್ದವಳು ಅವಳ ಅತ್ತಿಗೆ.

ಆ ಸೋಮವಾರ ಬೆಳಿಗ್ಗೆ ಹೊಸ ಟೋಕನ್ ವ್ಯವಸ್ಥೆ ಶುರುವಾಗಬೇಕಿತ್ತು. ಅದಕ್ಕಾಗಿ ಡೇಟಾಬೇಸಿಗೆ ಕೊಡಬೇಕಾದ ಆದೇಶಗಳನ್ನು ಬರೆದಿಟ್ಟ ಸ್ಕ್ರಿಪ್ಟನ್ನು ಬುಗುರಿ ಹೊಸ ಕಂಪ್ಯೂಟರಿನಲ್ಲಿ ತೆರೆದು, ಒಬ್ಬ ಡಾಕ್ಟರ ಹೆಸರು ತಿದ್ದಿ, ಉಳಿಸಿ, ಓಡಿಸಿದಳು. ಮೊದಲ ಸಾಲಿನ ಮೊದಲ ಅಕ್ಷರವೇ ತಪ್ಪು ಎಂದಿತು ಡೇಟಾಬೇಸ್. ಕಣ್ಣರಳಿಸಿ ನೋಡಿದಳು, ತಪ್ಪೆಲ್ಲಿದೆ? ಸಾಲನ್ನೇ ಅಳಿಸಿ ಮತ್ತೆ ಬರೆದಳು. ಅದೇ ರಾಗ.

"ಬುಗುರಿ, ಇಲ್ಲಿ ಜನ ನನ್ನ ಹುರಿದು ಮುಕ್ತಾರೆ ಕಣೇ!" ಅತ್ತಿಗೆ ಗಾಜು ಬಡಿದಳು.

"ತಪ್ಪೇ ಇಲ್ಲ ಅತ್ತಿಗೆ, ಆದ್ರೂ ತಪ್ಪು ಅಂತಿದೆ!"

ಕುರ್ಚಿ ಗರಗರ ಸುತ್ತಿತು. ತಲೆ ತಿರುಗುವ ಹೊತ್ತಿಗೆ ಒಂದು ಹುಚ್ಚು ಯೋಚನೆ ಬಂತು. ಹೊಸ ಫೈಲೊಂದರಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ ಒತ್ತಿ ಉಳಿಸಿದಳು. ಅಕ್ಷರಕ್ಕೊಂದರಂತೆ ಅದರ ಗಾತ್ರ ಒಂದು ಬೈಟ್ ಇರಬೇಕಿತ್ತು, ನಾಲ್ಕಿತ್ತು! ಮಿಕ್ಕ ಮೂರು ಎಲ್ಲಿಂದ ಬಂದವು? ಹೊಸ ಕಂಪ್ಯೂಟರಿನಲ್ಲಿ ಬರೆಯಲು ಬಳಸುವ ಎಡಿಟರ್ ಪ್ರತಿ ಫೈಲಿನ ನೆತ್ತಿಯ ಮೇಲೂ, ಇದು ಅಕ್ಷರಗಳನ್ನು ಬೈಟುಗಳಾಗಿಸುವ ಇಂಥ ಎನ್‌ಕೋಡಿಂಗ್ ಎಂದು ತಿಳಿಸುವ ಮೂರು ಬೈಟಿನ ಗುರುತೊಂದನ್ನು ಸದ್ದಿಲ್ಲದೆ ಅಂಟಿಸುತ್ತಿತ್ತು. ಪರದೆಯ ಮೇಲೆ ಅದು ಕಾಣುತ್ತಿರಲಿಲ್ಲ. ಡೇಟಾಬೇಸ್ ಮಾತ್ರ ಅದನ್ನೂ ಆದೇಶದ ಭಾಗವೆಂದೇ ಓದಿ ಮುಗ್ಗರಿಸುತ್ತಿತ್ತು.

"ಸಿಕ್ಕಿಬಿದ್ದ ಕಳ್ಳ!" ಎಂದು ಬುಗುರಿ ಕಿರುಚಿದ ರಭಸಕ್ಕೆ ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಅಜ್ಜ ಜೇಬು ಮುಟ್ಟಿ ನೋಡಿಕೊಂಡ.

ಗುರುತಿಲ್ಲದಂತೆ ಉಳಿಸುವ ಆಯ್ಕೆ ಹುಡುಕಿ, ಮತ್ತೆ ಓಡಿಸಿದಳು. ಸ್ಕ್ರಿಪ್ಟ್ ಸಲೀಸಾಗಿ ಕೊನೆ ಮುಟ್ಟಿತು. ಕೌಂಟರಿನಲ್ಲಿ ಮೊದಲ ಟೋಕನ್ ಹೊರಬಂತು. ಅತ್ತಿಗೆ ಅದನ್ನು ಅಜ್ಜನ ಕೈಗಿಟ್ಟು ಒಳಗೋಡಿ ಬಂದಳು. ಅತ್ತಿಗೆ ನಾದಿನಿ ಕೈ ಕೈ ಹಿಡಿದು, ಆಸ್ಪತ್ರೆಯೆಂಬುದನ್ನೂ ಮರೆತು ಕುಣಿದರು.

ಗದ್ದಲ ಕೇಳಿ ದೊಡ್ಡ ಡಾಕ್ಟರೇ ಬಂದರು. "ಏನಮ್ಮ ಆಗಿತ್ತು?"

"ಕಣ್ಣಿಗೆ ಕಾಣದ ಅಕ್ಷರ ಸಾರ್!"

"ಎಲ್ಲಿ, ತೋರಿಸು."

"ಕಾಣಲ್ವಲ್ಲ ಸಾರ್!"

ಡಾಕ್ಟರು ಕನ್ನಡಕ ಒರೆಸಿಕೊಂಡು ಪರದೆಗೆ ಮೂಗು ತಾಗಿಸಿ ನೋಡಿದರು. "ನನಗೂ ಕಾಣ್ತಿಲ್ಲ," ಎಂದರು ಗಂಭೀರವಾಗಿ. "ನನ್ನ ಕಣ್ಣು ಯಾರ ಹತ್ರ ತೋರಿಸ್ಲಿ?"

ಅಷ್ಟೇ! ಅತ್ತಿಗೆ ನಕ್ಕೂ ನಕ್ಕೂ ಗೋಡೆಗೊರಗಿ ನೆಲಕ್ಕೇ ಕುಸಿದಳು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗಲೂ ಅವಳ ಬಿಕ್ಕಳಿಕೆ ನಿಂತಿರಲಿಲ್ಲ.